ಕಂಪ್ಯೂಟರಿನಲ್ಲಿ ತೀರಿಕೊಂಡ ಅಣ್ಣನಿಗೆ

ಮನೆ
ಜೂನ್ ೧೨, ಮಧ್ಯಾಹ್ನ

ನನ್ನ ಒಬ್ಬನೇ ಒಬ್ಬ ಅಣ್ಣನಿಗೆ,

ಹೇಗಿದ್ದೀಯ ಅಂತ ಆಮೇಲೆ ಕೇಳುತ್ತೇನೆ, ಮೊದಲು ಇದ್ದೀಯ ತಾನೇ? ಆ ಹಾಳು ಕೆಮ್ಮು ಹೋಯಿತೇ, ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೇ? ನಾವೆಲ್ಲ ಕ್ಷೇಮ ಅಂತ ಬರೆಯುವುದು ವಾಡಿಕೆ. ಇವತ್ತು ಬೆಳಗಿನ ತಿಂಡಿಯವರೆಗೂ ಅದು ನಿಜವೇ ಆಗಿತ್ತು.

ಪುರಸಭೆಯವರು ಜನನ, ಮರಣ, ಮನೆವಾರು ಹೆಸರುಗಳ ಹಳೆಯ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದ್ದಾರೆ. ನಿಮ್ಮ ನಿಮ್ಮ ವಿವರ ಬಂದು ನೋಡಿಕೊಳ್ಳಿ ಅಂದಿದ್ದಕ್ಕೆ ಅಪ್ಪ, ಅಮ್ಮ, ನಾನು ಮೂವರೂ ಹೋದೆವು. ಕಂಪ್ಯೂಟರು ಎಲ್ಲಾದರೂ ಫೋಟೋ ತೆಗೆದುಬಿಟ್ಟರೆ ಅಂತ ಅಮ್ಮ ಇಸ್ತ್ರಿ ಸೀರೆ ಉಟ್ಟಿದ್ದಳು. ಬಾಗಿಲಲ್ಲಿ ‘ಸರ್ವರ್ ಡೌನ್’ ಅಂತ ಚೀಟಿ. ಒಳಗೆ ಬೆಂಚಿನ ಮೇಲೆ ಸರ್ವರೂ ಡೌನ್. ಕೊನೆಗೆ ಕೌಂಟರಿನ ಹುಡುಗಿ ನಮ್ಮನ್ನು ಕರೆದು, ಫ್ಯಾನ್ ಹಾಕಲಾ ಅನ್ನುವ ದನಿಯಲ್ಲಿ, “ನಿಮ್ಮನೇಲಿ ಮಗ ತೀರ್ಕೊಂಡಿದಾರೆ, ಅಲ್ವಾ?” ಅಂದಳು.

ಅಭ್ಯಾಸಬಲ, ನಾನು ನಕ್ಕುಬಿಟ್ಟೆ. ಅಮ್ಮ ನಗಲಿಲ್ಲ.

ಈಗ ನಿವೃತ್ತನಾದ ಹಳೇ ಗುಮಾಸ್ತ ಗೆರೆಮಾಮ ನೆನಪಿದ್ದಾನಲ್ಲ? ಊರು ಬಿಟ್ಟು ಹೋದವರ ಹೆಸರಿನ ಮೇಲೆ ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುವುದು ಅವನ ಪದ್ಧತಿ. ಕಂಪ್ಯೂಟರಿಗೆ ಏರಿಸಿದ ಗುತ್ತಿಗೆಯವರಿಗೆ ಅದೇನು ಗೊತ್ತು? ಗೆರೆ ಕಂಡಲ್ಲೆಲ್ಲ ‘ಮೃತ’ ಅಂತ ಒತ್ತಿದ್ದಾರೆ. ಕೆಲಸ ಹುಡುಕಿಕೊಂಡು ಹೋದವರೆಲ್ಲ ಒಂದೇ ಏಟಿಗೆ ಸ್ವರ್ಗಸ್ಥರು. ನಮ್ಮ ಹಿಂದಿದ್ದ ದರ್ಜಿ ತಕ್ಷಣ ತನ್ನ ‘ಮೃತ’ ಮಗಳಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದ. “ಅಪ್ಪಾ, ಮೀಟಿಂಗಲ್ಲಿದೀನಿ, ಇಡು” ಅಂದಳು ಅವಳು. ಇಡೀ ಕಚೇರಿ ನಕ್ಕಿತು. ಕೌಂಟರಿನ ಹುಡುಗಿ ಅವಳನ್ನು ಅಲ್ಲೇ ಬದುಕಿಸಿ ನಮ್ಮ ಕಡೆ ತಿರುಗಿದಳು: “ನೀವೂ ಒಂದು ಫೋನ್ ಮಾಡಿ ಅಮ್ಮಾ.”

ಯಾವ ನಂಬರಿಗೆ ಮಾಡುವುದು, ಅಣ್ಣಾ? ಅಪ್ಪನ ಹತ್ತಿರ ಜಗಳ ಆಡಿ ಹೋದವನು ಎರಡು ವರ್ಷದಿಂದ ಒಂದು ಸಾಲೂ ಕಳಿಸಿಲ್ಲ. “ಇದಾರೆ ಅನ್ನೋದಕ್ಕೆ ಏನಾದ್ರೂ ಇದ್ರೆ ಸಾಕು” ಅಂದಳು ಹುಡುಗಿ. ನಮ್ಮ ಹತ್ತಿರ ಏನೂ ಇರಲಿಲ್ಲ. ನಿನ್ನನ್ನು ಅಳಿಸಿದ ಯಂತ್ರ ಅಮ್ಮನನ್ನು ಮಾತ್ರ ಅಳಿಸಲಿಲ್ಲ, ಅಳಿಸಿದ್ದರೆ ವಾಸಿಯಿತ್ತು. ದಾರಿಯುದ್ದಕ್ಕೂ ಅವಳು ಆಡಿದ್ದು ಒಂದೇ ಮಾತು: “ಗೆರೆ ತಪ್ಪು, ಒಪ್ಕೊಂಡೆ. ಅವನು ಇದಾನೆ ಅಂತ ನಿಂಗ್ಯಾರು ಹೇಳಿದ್ರು?”

ಈ ವಿಳಾಸವನ್ನು ನಿನ್ನ ಎಲೆಕ್ಟ್ರಿಷಿಯನ್ ಗೆಳೆಯನಿಂದ ಕಿತ್ತುಕೊಂಡು ಬಂದೆ. ಈಗಲೂ ನೀನು ಅಲ್ಲೇ ಇದ್ದೀಯೆಂದು ಅವನಿಗೂ ಖಾತ್ರಿಯಿಲ್ಲ. ಅಮ್ಮನ ಆಶೀರ್ವಾದ ನಾನೇ ಸೇರಿಸಿದ್ದೇನೆ, ಅವಳು ಬಾಯಿ ಬಿಡುತ್ತಿಲ್ಲ.

ಇಂತಿ ನಿನ್ನ
ತಲೆಹರಟೆ ತಂಗಿ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಹೇಳುತ್ತೇನೆ. ಅಪ್ಪ ಹಿತ್ತಿಲಲ್ಲಿ ನಿಂತು ನಿನ್ನ ಹಳೆಯ ನಂಬರಿಗೇ ಹಚ್ಚುತ್ತಿದ್ದಾರೆ. ಚಾಲ್ತಿಯಲ್ಲಿಲ್ಲ ಅನ್ನುವ ಆ ರೆಕಾರ್ಡಿನ ಹೆಂಗಸಿಗೆ “ಇನ್ನೊಂದ್ಸಲ ನೋಡಮ್ಮ, ನನ್ ಮಗ” ಅಂದದ್ದು ನನ್ನ ಕಿವಿಗೆ ಬಿತ್ತು. ಮನೆಗೆ ಬರಬೇಡ, ಮಾತಾಡಬೇಡ, ಬೇಕಾದರೆ ನಮ್ಮನ್ನು ಬೈದೇ ಬರಿ. ಆದರೆ ಬರಿ.