ಬಾಗಿಲ ಸಂದಿಯ ಇಪ್ಪತ್ತೆರಡು ನಿಮಿಷ

ಜೂನ್ ೯, ಮಂಗಳವಾರ

ಪ್ರೀತಿಯ ಅಕ್ಕ,

ಫೋನಿನಲ್ಲಿ ಹೇಳೋಣವೆಂದರೆ ನೀನು ನಡುವೆ ಅಳುತ್ತೀಯ, ನಾನು ಸುಳ್ಳು ಹೇಳಿಬಿಡುತ್ತೇನೆ. ಅದಕ್ಕೇ ಪತ್ರ. ಓದಿ ಹರಿದುಹಾಕು.

ಅಪ್ಪನ ಕೋಣೆಯ ಕ್ಯಾಮೆರಾದ ಕೆಟ್ಟುಹೋದ ಹಾರ್ಡ್ ಡಿಸ್ಕನ್ನು ಅಣ್ಣ ಕಳೆದ ತಿಂಗಳು ನಮ್ಮ ಡೇಟಾ ರಿಕವರಿ ಅಂಗಡಿಗೇ ಬಂದು ನನ್ನ ಮೇಜಿನ ಮೇಲೆ ಇಟ್ಟ. ಅಪ್ಪ ಮಂಚದಿಂದ ಬಿದ್ದು ತೀರಿಕೊಂಡ ಮಧ್ಯಾಹ್ನ ನೀನು ಮನೆಯಲ್ಲೇ ಇದ್ದೆ ಎಂಬುದು ಅವನ ಹಟ. ಮಾತ್ರೆ ತರಲು ಹೋಗಿದ್ದೆ ಎಂಬುದು ನಿನ್ನ ಮಾತು. ಇದ್ರಲ್ಲಿ ಎಲ್ಲಾ ಇದೆ, ತೆಗೆದುಕೊಡು, ಅವಳು ಮನೇಲಿದ್ದಿದ್ದು ನಿಜ ಆದ್ರೆ ಈ ಜನ್ಮದಲ್ಲಿ ಅವಳ ಮುಖ ನೋಡಲ್ಲ ಎಂದ.

ಮನೆಯವರ ಡಿಸ್ಕನ್ನು ನಾವೇ ಮುಟ್ಟಬಾರದು, ಪಕ್ಕದ ಮೇಜಿಗೆ ಕೊಡಬೇಕು ಎಂಬುದು ನಮ್ಮ ಅಂಗಡಿಯ ಕಟ್ಟಳೆ. ತೆಗೆದದ್ದನ್ನು ನೋಡುತ್ತ ಕೂರಬಾರದು ಎಂಬುದು ಇನ್ನೊಂದು. ಎರಡನ್ನೂ ಮುರಿದೆ. ಬೇರೆಯವರ ಕೈಗೆ ಕೊಡಲು ಮನಸ್ಸು ಬರಲಿಲ್ಲ.

ಡಿಸ್ಕ್ ಟಕ್ ಟಕ್ ಎನ್ನುತ್ತಿತ್ತು. ಒಳಗಿನ ಓದುವ ಹೆಡ್ ಹೋಗಿತ್ತು. ಅದೇ ಮಾದರಿಯ ಇನ್ನೊಂದು ಡಿಸ್ಕಿನಿಂದ ಹೆಡ್ ತೆಗೆದು, ಧೂಳು ಸೋಕದ ಪೆಟ್ಟಿಗೆಯೊಳಗೆ ಇದಕ್ಕೆ ಕೂರಿಸಿದೆ. ಮಾಲೀಕರು ನನ್ನನ್ನು ಡಾಕ್ಟರಮ್ಮ ಎಂದು ರೇಗಿಸುವುದು ಇದಕ್ಕೇ. ನಕಲು ಇಳಿಯಲು ಒಂಬತ್ತು ದಿನ ಹಿಡಿಯಿತು. ಏನೂ ಸಿಗದಿರಲಿ ಎಂದುಕೊಂಡೇ ಮಾಡಿದೆ. ಆದರೆ ಪಳಗಿದ ಕೈ, ಕೆಲಸ ಕೆಡಿಸಲಿಲ್ಲ.

ಸಿಕ್ಕಿತು, ಅಕ್ಕ. ಎರಡು ಗಂಟೆ ಹತ್ತು ನಿಮಿಷಕ್ಕೆ ಅಪ್ಪ ಬಿದ್ದರು. ನಿನ್ನ ಹೆಸರು ಹಿಡಿದು ಕರೆದರು. ಅರ್ಧ ತೆರೆದ ಬಾಗಿಲಾಚೆ, ನೆಲದ ಮೇಲೆ ಕೂತಿದ್ದ ನಿನ್ನ ಎರಡು ಪಾದ ಮಾತ್ರ ಕಾಣುತ್ತಿದ್ದವು. ಇಪ್ಪತ್ತೆರಡು ನಿಮಿಷ ಅವು ಜಾಗ ಬಿಟ್ಟು ಕದಲಲಿಲ್ಲ. ಹದಿನಾಲ್ಕನೆಯ ನಿಮಿಷಕ್ಕೆ ಅಪ್ಪನ ದನಿ ನಿಂತಿತು. ನಿನಗೆ ನಿದ್ದೆ ಹತ್ತಿತ್ತೇನೋ ಎಂದು ಮತ್ತೆ ಮತ್ತೆ ನೋಡಿದೆ. ಒಂದೊಂದು ಕೂಗಿಗೂ ನಿನ್ನ ಕಾಲಿನ ಹೆಬ್ಬೆರಳು ಮಡಚಿಕೊಳ್ಳುತ್ತಿತ್ತು.

ಮೂರು ವರ್ಷ ಅಪ್ಪನ ಹೇಲು ಉಚ್ಚೆ ಬಾಚಿದವಳು ನೀನೊಬ್ಬಳೇ ಎಂಬುದು ಗೊತ್ತು. ಗೊತ್ತಿದ್ದೂ ನಿನ್ನ ಮೇಲೆ ಸಿಟ್ಟು ಬಂತು, ಇನ್ನೂ ಇಳಿದಿಲ್ಲ. ಮುಚ್ಚಿಟ್ಟು ಏನು ಮಾಡಲಿ.

ಏನೂ ಸಿಗಲಿಲ್ಲವೆಂದು ಅಂಗಡಿಯ ಮೊಹರು ಹಾಕಿ ಅಣ್ಣನಿಗೆ ಬರೆದುಕೊಟ್ಟಿದ್ದೇನೆ. ಈ ಕೆಲಸಕ್ಕೆ ಸೇರಿದ ಮೇಲೆ ನಾನು ಬರೆದ ಮೊದಲ ಸುಳ್ಳು ವರದಿ ಅದು. ನಕಲನ್ನು ಅಳಿಸಿದೆ, ಡಿಸ್ಕಿನ ತಟ್ಟೆಗಳನ್ನು ಗೀಚಿ ಹಾಳುಮಾಡಿದೆ. ಇನ್ನು ಯಾರ ಕೈಲೂ ಅದರಿಂದ ಏನೂ ತೆಗೆಯಲಾಗದು. ಅವನು ಕೇಳಿದರೆ ಮೊದಲು ಹೇಳಿದ್ದನ್ನೇ ಹೇಳು.

ನಿನ್ನ ತಂಗಿ,
ಚಿಕ್ಕಿ

ತಾ.ಕ.: ನಾನು ಮೊದಲು ಅಳಿಸಿದ್ದು ನಿನ್ನ ಇಪ್ಪತ್ತೆರಡು ನಿಮಿಷವನ್ನಲ್ಲ. ಅದಕ್ಕೂ ನಾಲ್ಕು ದಿನ ಹಿಂದಿನ ಹನ್ನೊಂದು ನಿಮಿಷವನ್ನು. ಅವತ್ತು ನಾನು ಬಂದಿದ್ದೆನಲ್ಲ, ನೀನು ಹಿತ್ತಲಲ್ಲಿ ಅವರ ಬಟ್ಟೆ ಒಗೆಯುತ್ತಿದ್ದೆ. ಅಪ್ಪ ನನ್ನ ಕೈ ಹಿಡಿದು, ಇವತ್ತೊಂದಿನ ಇರು, ದೊಡ್ಡವಳು ನಿದ್ದೆ ಮಾಡಿ ವಾರ ಆಯ್ತು, ಅವಳ ಕೈಲಿ ಇನ್ನಾಗಲ್ಲ ಎಂದರು. ಅಂಗಡಿಯಲ್ಲಿ ಅರ್ಜೆಂಟ್ ಕೆಲಸವಿದೆ ಎಂದು ಕೈ ಬಿಡಿಸಿಕೊಂಡೆ. ಅವತ್ತು ನನಗೆ ರಜೆ ಇತ್ತು.