ನೀವು ಹೂ ಕಟ್ಟುವಾಗಿನ ಧಾಟಿ

ಧರಮಪೇಠ, ನಾಗಪುರ
ಮಂಗಳವಾರ

ಅತ್ತೆಯವರಿಗೆ ನಮಸ್ಕಾರ.

ನಮ್ಮ ಹಾಡು ಅಂತರರಾಷ್ಟ್ರೀಯ ಗೀತಸ್ಪರ್ಧೆಯ ಫೈನಲ್‌ಗೆ ಆಯ್ಕೆಯಾಗಿದೆ. ಕನ್ನಡವೇ ಬಾರದ ಪೋಲೆಂಡಿನ ತೀರ್ಪುಗಾರ್ತಿ ಆಯ್ಕೆ ಸುತ್ತಿನ ಬಿಡುವಿನಲ್ಲಿ ಚಹಾ ಕುಡಿಯುತ್ತ ಅದನ್ನು ಗುನುಗುತ್ತಿದ್ದರು. ಸಾಹಿತ್ಯ ನನ್ನದು, ಧಾಟಿ ಹೂ ಕಟ್ಟುವಾಗ ನೀವೇ ಕಟ್ಟಿಕೊಂಡದ್ದು. ಅರ್ಜಿಯಲ್ಲಿ ಸಂಗೀತ ಯಾರದೆಂದು ಕೇಳಿದ್ದರು. ಹಾಡಿದ ಹುಡುಗಿ ರಂಜನಿ, "ನಿಮ್ದ ಹೆಸರು ಬರೀರಿ ಕಾಕು, ಜಲ್ದಿ. ಬಾಗಲಕೋಟಿ ಅಜ್ಜಿಗೆ ಯಾರ್ ಹೇಳ್ತಾರ?" ಎಂದಳು. ಪುಸ್ತಕದಲ್ಲಿ ಅನುವಾದಕರ ಹೆಸರು ಬಿಟ್ಟರೇ ಸಿಟ್ಟಾಗುವವಳು ನಾನು. ನಿಮ್ಮ ಹೆಸರನ್ನೇ, ತುಳಸಾಬಾಯಿ ಎಂದು ಬರೆದೆ.

ಈಗ ನಿಮ್ಮ ಸಹಿ ಬೇಕು, ಇಲ್ಲದಿದ್ದರೆ ಹಾಡನ್ನು ಕೈಬಿಡುತ್ತಾರೆ. ಫಾರಂ ಬೇರೆ ಟಪಾಲಿನಲ್ಲಿ ಬರುತ್ತಿದೆ. ಸಹಿ ಮಾಡಿ ಇಪ್ಪತ್ತೈದನೇ ತಾರೀಖಿನೊಳಗೆ ನನಗೆ ತಲುಪಿಸಿ. ನನ್ನ ಕೆಮ್ಮು ಕಡಿಮೆಯಾಗಿದೆ. ಫಾರಂನಲ್ಲಿ ಉದ್ಯೋಗ ಎಂಬಲ್ಲಿ ಯಾವಾಗಿನಂತೆ ಮನೆಗೆಲಸ ಎಂದು ಬರೆಯಬೇಡಿ, ಸಂಗೀತ ಸಂಯೋಜಕಿ ಎಂದು ಬರೆಯಿರಿ.

ನಿಮ್ಮ ಸೊಸೆ
ಚಾರುಲತಾ