ಅತೀಕನ ಬ್ರೇಕ್

ಜುಲೈ ೧೪, ಸೋಮವಾರ

ಡಿಸ್ಕ್ ಬ್ರೇಕ್ ಇವತ್ತೂ ಗಟ್ಟಿಯಾಗಲಿಲ್ಲ. ನಂಗಲಿ ಇಳಿಜಾರಿನಲ್ಲಿ, ಲಾರಿಯ ಎದುರು, ಅತೀಕನಿಗೆ ಕೈಕೊಟ್ಟದ್ದು ಇದೇ ಬ್ರೇಕ್. ನಾಳೆ ಅವನ ತಂಗಿ ಸಿದ್ರಾ ಸೈಕಲ್ ಒಯ್ಯಲು ಬರುತ್ತಾಳೆ. ಕಾಲೇಜಿಗೆ ಇದರಲ್ಲೇ ಹೋಗುತ್ತಾಳಂತೆ. ಬ್ರೇಕಿನ ಕೊಳವೆಗೆ ಸಿರಿಂಜಿನಿಂದ ಹೊಸ ಎಣ್ಣೆ ತಳ್ಳಿದಷ್ಟೂ ಗಾಳಿಗುಳ್ಳೆ ಬರುತ್ತಲೇ ಇತ್ತು.

"ಸತ್ತೋದವನ ಸೈಕಲ್ಲು, ರಾತ್ರಿ ಒಳಗಿಡಬೇಡ ಕಣೋ," ಎಂದಳು ಅಮ್ಮ.

"ದೆವ್ವ ಗಿವ್ವ ಏನೂ ಇಲ್ಲಮ್ಮ."

"ನಿನ್ನ ಕರಪತ್ರ ನನಗೆ ಓದಬೇಡ, ಹೋಗ್ಲಾ!"

ಮೂಢನಂಬಿಕೆ ವಿರುದ್ಧದ ಆ ಕರಪತ್ರಗಳನ್ನು ನಾನೂ ಅತೀಕನೂ ಊರೂರಿಗೆ ಹಂಚಿದ್ದು ಇದೇ ಸೈಕಲ್ಲಿನಲ್ಲಿ.

ಉಳಿದ ಗುಳ್ಳೆ ಮೇಲೇರಲೆಂದು ಬ್ರೇಕಿನ ಹಿಡಿಯನ್ನು ಹ್ಯಾಂಡಲಿಗೆ ಪೂರ್ತಿ ಒತ್ತಿ, ರಬ್ಬರ್ ಬ್ಯಾಂಡ್ ಬಿಗಿದಿದ್ದೇನೆ. ಲೈಟು ಆರಿಸಿದರೆ ಯಾರೋ ಬ್ರೇಕ್ ಹಿಡಿದು ನಿಂತಂತೆ ಕಾಣುತ್ತದೆ. ಮತ್ತೆ ಹಾಕಿಕೊಂಡು ಬರೆಯುತ್ತಿದ್ದೇನೆ. ನಾನು ಇದನ್ನೆಲ್ಲ ನಂಬುವವನಲ್ಲ. ಆದರೂ ಅತೀಕ್, ಬೆಳಗಿನವರೆಗೆ ಹಿಡಿದಿರೋ, ಬಿಡಬೇಡ